ಬಾಗಿಲ ಬಳಿಯ ಬೂಟು

“ನಮ್ಮನೆಯವರು ಒಳಗೆ ಮಲಗಿದಾರೆ,” ಎಂದು ಮುದುಕಿ ಟೋಕಿಕೊ ಬಾಗಿಲ ಬಳಿಯಿದ್ದ ಗಂಡಸಿನ ಬೂಟುಗಳನ್ನು ತೋರಿಸಿದಳು.

ಮನೆ ಬಾಡಿಗೆಗೆ ಕೇಳಿದವರ ಈಗಿನ ವಾಸವನ್ನು ಕಣ್ಣಾರೆ ನೋಡದೆ ಮನೆಯೊಡತಿ ಮಿತ್ಸುಯೊ ಮಾತು ಕೊಟ್ಟವಳಲ್ಲ. ಒಂಟಿ ಮುದುಕಿಯರಿಗಂತೂ ಒಸಾಕಾದ ತನ್ನ ಮನೆಯ ಕೀಲಿಕೈ ಕೊಡುತ್ತಲೇ ಇರಲಿಲ್ಲ. ಸತ್ತರೆ ವಾಸನೆ ಬರುವತನಕ ಯಾರಿಗೂ ತಿಳಿಯುವುದಿಲ್ಲ.

ಅವಳು ಬಗ್ಗಿ ಬೂಟಿನ ಮೇಲೆ ಬೆರಳಾಡಿಸಿದಳು. ಧೂಳಿನಲ್ಲಿ ಗೆರೆ ಮೂಡಿತು. ಟೋಕಿಕೊಳ ಮುಖ ಬಿಳಿಚಿತು. “ಅವರು ತೀರ್ಕೊಂಡು ತುಂಬಾ ದಿನ ಆಯ್ತು. ಕಳ್ಳರ ಭಯಕ್ಕೆ ಇಟ್ಟಿದೀನಿ...”

ಮಿತ್ಸುಯೊ ಕೈಚೀಲದಿಂದ ಕರವಸ್ತ್ರ ತೆಗೆದು ಬೂಟುಗಳನ್ನು ಒರೆಸತೊಡಗಿದಳು. “ಹೀಗೆ ಧೂಳು ಹಿಡಿದ್ರೆ ಕಳ್ಳರಿಗೂ ಗೊತ್ತಾಗ್ಬಿಡತ್ತೆ ಕಣ್ರೀ. ಸಾಮಾನು ತರೋವಾಗ ಇವನ್ನೂ ಮರೀದೆ ತನ್ನಿ,” ಎಂದಳು. ತಲೆಯೆತ್ತದೆಯೇ ಸೇರಿಸಿದಳು: “ನಮ್ಮನೆ ಬಾಗಿಲಲ್ಲಿರೋ ಜೊತೇನ ನಾನು ದಿನಾ ಒರೆಸ್ತೀನಿ.”