ಬೋಳುತಲೆಗೊಂದು ಗುಂಗುರು ನೆರಳು

ನಲವತ್ತು ದಾಟಿದವರ ನೆರಳು ಸವೆಯುವುದು ಮಾಮೂಲು. ಎಲ್ಲರೂ ಆನ್‌ಲೈನ್‌ನಲ್ಲಿ ಹೊಸದು ತರಿಸಿಕೊಳ್ಳುತ್ತಾರೆ. ಹುಬ್ಬಳ್ಳಿಯ ಕಸ್ತೂರಿ ಮೊದಲು ಊರಿಗೆಲ್ಲ ನೆರಳು ಮಾರಲು ಹೋಗಿ, ದೊಡ್ಡ ಕಂಪನಿಗಳ ಎದುರು ನೆಲಕಚ್ಚಿದ್ದಳು. ಆಮೇಲೆ ಬೋಳುತಲೆಯ ಗಂಡಸರನ್ನಷ್ಟೇ ಹಿಡಿದಳು. ಈಗ ಅವಳ ಅಂಗಡಿಯಲ್ಲಿ ಒಂದೇ ಮಾಲು: ತಲೆತುಂಬ ಗುಂಗುರು ಕೂದಲಿರುವ ನೆರಳು.

ಕೊಂಡವರು ನಾಚಿಕೊಂಡು ಯಾರಿಗೂ ಹೇಳುತ್ತಿರಲಿಲ್ಲ. ಅಂಗಡಿಯ ಆನ್‌ಲೈನ್ ಪುಟದಲ್ಲಿ ಒಂದು ಒಳ್ಳೆಯ ಮಾತೂ ಬರೆಯುತ್ತಿರಲಿಲ್ಲ. ಹೀಗಾದರೆ ಹೊಸ ಗಿರಾಕಿ ಬರುವುದೆಲ್ಲಿಂದ? ಕೊನೆಗೆ ಕಸ್ತೂರಿ, ಕೊಂಡವರನ್ನೂ ಕೊಳ್ಳಬಹುದಾದವರನ್ನೂ ಒಂದು ಭಾನುವಾರ ಪಾರ್ಕಿಗೆ ಚಹಾಕ್ಕೆ ಕರೆದಳು.

ಬಂದವರೆಲ್ಲ ಬೇವಿನ ಮರದಡಿ ಒತ್ತಿಕೊಂಡು ನಿಂತರು. ಅಲ್ಲಿ ಯಾರ ನೆರಳೂ ಕಾಣುವುದಿಲ್ಲ.

"ಬಿಸಿಲಿಗೆ ಬರ್ರಿ, ಯಾರೂ ನಗಂಗಿಲ್ಲ," ಎಂದು ಕಸ್ತೂರಿ ಗೋಗರೆದಳು. ಒಬ್ಬರೂ ಕದಲಲಿಲ್ಲ.

ರಿಟೈರ್ಡ್ ಕಂಡಕ್ಟರ್ ಬಸಲಿಂಗಪ್ಪ ಚಹಾ ಮುಗಿಸಿ, "ಎಷ್ಟೊತ್ತಂತ ಹಿಂಗ ನಿಂದ್ರೂದು?" ಎನ್ನುತ್ತ ಬಿಸಿಲಿಗೆ ಬಂದರು. ನೆಲದ ಮೇಲೆ ಅವರ ಗುಂಗುರು ಕೂದಲು ಗಾಳಿಗೆ ಕೆದರಿತು. ಅವರು ಕಿಸೆಯಿಂದ ಬಾಚಣಿಗೆ ತೆಗೆದು, ಬಗ್ಗಿ, ನೆರಳಿನ ತಲೆಯನ್ನು ನೀಟಾಗಿ ಬಾಚತೊಡಗಿದರು.

ಮರದಡಿ ಯಾರೋ ಗಂಟಲು ಸರಿಮಾಡಿಕೊಂಡರು.

"ಅಣ್ಣಾರ, ನಿಮ್ದಾದ ಮ್ಯಾಲ ಆ ಬಾಚಣಿಕಿ ಈ ಕಡೆ ಕೊಡ್ರಿ."