ಹೊರಬಾಗಿಲ ಯಂತ್ರ

ಸಣ್ಣ ಅಣುಸ್ಥಾವರದಲ್ಲಿ ಬಳಸಿದ ಇಂಧನವಿಡುವ ಕೊಳದ ಕೋಣೆ ತೊಳೆದು ಹೊರಟ ಸುಕ್ರುವನ್ನು, ಹೊರಬಾಗಿಲ ವಿಕಿರಣ ಪತ್ತೆ ಯಂತ್ರ ಮೂರನೇ ಸಲವೂ ಕೂಗಿ ತಡೆಯಿತು. ಉಜ್ಜಿ ಉಜ್ಜಿ ಮೈ ಕೆಂಪಾಗಿತ್ತು.

"ಮತ್ತೆ ಮಿಂದು ಬಾ," ಎಂದ ಕಾವಲುಗಾರ ದೇವಣ್ಣ, ಬೀಗದ ಕೈ ಗೊಂಚಲನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ. ತ್ಯಾಜ್ಯದ ಶೆಡ್ಡಿನಲ್ಲಿ ಹೆಕ್ಕಿದ ಹೊಳೆಯುವ ಲೋಹದ ಗುಂಡೊಂದು ಅದರಲ್ಲಿ ನೇತಾಡುತ್ತಿತ್ತು.

"ಇನ್ನೆಷ್ಟು ಮೀಯೂದು ಮಾರಾಯಾ? ಇವತ್ತು ಮೊಮ್ಮಗಳನ್ನ ತೊಟ್ಟಿಲಿಗೆ ಹಾಕೂದು. ಅಜ್ಜನೇ ಎತ್ತಿ ಮಲಗಿಸ್ಬೇಕು."

"ಮೈಗೆ ವಿಷ ಹಚ್ಕಂಡು ಮಗು ಮುಟ್ತ್ಯಾ? ನಿಲ್ಲು, ಡಾಕ್ಟರಿಗೆ ಫೋನ್ ಮಾಡ್ತೆ."

ಸುಕ್ರು ಯಂತ್ರದೊಳಗೇ ಕಣ್ಣು ಮುಚ್ಚಿ ನಿಂತ. ದೇವಣ್ಣನ ಹೆಜ್ಜೆ ಸದ್ದು ದೂರವಾದ ಹಾಗೆ ಕೂಗು ನಿಂತುಹೋಯಿತು.

"ಡಾಕ್ಟ್ರು ಬರ್ತಾರಂತೆ," ಎನ್ನುತ್ತ, ಗೊಂಚಲು ತಿರುಗಿಸುತ್ತ ದೇವಣ್ಣ ಮರಳಿ ಬಂದ. ಯಂತ್ರ ಮತ್ತೆ ಕೂಗತೊಡಗಿತು.