ಹತ್ತು ಎಣಿಸುವವರೆಗೆ

ಥಾಯ್ಲೆಂಡಿನ ಚಾಂತಬುರಿಯ ಸಿಗಡಿ ಕೊಳದಲ್ಲಿ ನೀರಿಗೆ ಗಾಳಿ ಬೆರೆಯಲೆಂದು ನೀರು ಬಡಿಯುವ ಚಕ್ರಗಳೆಲ್ಲ ಒಟ್ಟಿಗೆ ನಿಂತವು. ಸಿಗಡಿ ಸಾಕುವ ಮುದುಕ ಬುನ್ಮಾನ ಕೈ ಅವನ್ನು ನೇರವಾಗಿ ಚಾಲೂ ಮಾಡುವ ಸ್ವಿಚ್ಚಿನ ಮೇಲೆ ಹೋಯಿತು.

"ಮುಟ್ಟಬೇಡಿ ದೊಡ್ಡಪ್ಪ," ಎಂದಳು ಬ್ಯಾಂಕಾಕಿನಿಂದ ಫೋನಿನಲ್ಲಿದ್ದ ಎಂಜಿನಿಯರ್ ವಾರುನಿ. ಚಕ್ರಗಳು ಆಗಾಗ ತಡವರಿಸುವುದೇಕೆಂದು ಅವಳು ದೂರದಿಂದಲೇ ಅವುಗಳ ನಿಯಂತ್ರಕವನ್ನು ತಪಾಸಣೆ ಮಾಡುತ್ತಿದ್ದಳು. "ಒಳಗೆ ನೋಡೋಕೆ ಅಂತ ನಾನೇ ನಿಲ್ಲಿಸಿದ್ದು. ಅಷ್ಟರಲ್ಲಿ ನಿಯಂತ್ರಕದ ಜೊತೆ ಸಂಪರ್ಕ ಕಡಿದುಹೋಯ್ತು."

"ಹೋದ ಸಲಾನೂ ನೀನು ಇದೇ ಹೇಳಿದ್ದೆ. ಚಕ್ರ ನಿಂತಲ್ಲೇ ನಿಂತು ಒಂದು ಕೊಳದ ಸಿಗಡಿ ಪೂರಾ ಸತ್ತು ತೇಲ್ತು."

"ಅದಕ್ಕೇ ಬದಲಾಯಿಸಿದೀನಿ. ನನ್ನಿಂದ ಹತ್ತು ಸೆಕೆಂಡು ಸುಳಿವಿಲ್ಲದಿದ್ರೆ ಅದು ತಾನಾಗೇ ಕೆಲಸ ಮುಂದುವರಿಸ್ಬೇಕು. ಎಣಿಸಿ."

"ಭೂಮಿದೇವರ ಗುಡಿಗೆ ಕೆಂಪು ಸೋಡಾ ನೈವೇದ್ಯ ಇಟ್ಟೇ ಬಂದಿದೀನಿ, ನಿನ್ನೊಬ್ಬಳನ್ನೇ ನಂಬೋಕಾಗುತ್ತಾ? ಹತ್ತಾದ್ರೂ ತಿರುಗದಿದ್ರೆ ನಿನ್ನ ನಿಯಂತ್ರಕದ ಪೆಟ್ಟಿಗೇನ ಕಿತ್ತು ಎಸೀತೀನಿ."

ಬೆರಳನ್ನು ಸ್ವಿಚ್ಚಿನ ಮೇಲೇ ಇಟ್ಟುಕೊಂಡು ಅವನು ಎಣಿಸಿದ. ಎಂಟಾದರೂ ನೀರು ಅಲುಗಲಿಲ್ಲ. ಹತ್ತಕ್ಕೆ ಮೊದಲ ಚಕ್ರ ನೀರು ಎರಚಿತು, ಅದರ ಹಿಂದೆಯೇ ಉಳಿದವೂ ತಿರುಗಿದವು. ಅವಳಿಗೂ ಕೇಳಲಿ ಎಂದು ಬುನ್ಮಾ ಫೋನನ್ನು ಕೊಳದತ್ತ ಚಾಚಿ ಹಿಡಿದ. ಆಮೇಲೆ ಸ್ವಿಚ್ಚಿನ ಪೆಟ್ಟಿಗೆಯ ಬಾಗಿಲು ಮುಚ್ಚಿದ.

"ಇನ್ನೊಂದು ಸಲ ನಿಲ್ಲಿಸಿ ನೋಡು ಮಗಳೇ," ಎಂದ. "ಚಕ್ರ ತಡವರಿಸೋ ರೋಗ ಏನು ಅಂತ ಪತ್ತೆ ಹಚ್ಚು."